ಪದಚರ್ಚೆ: ಬಸುರಿಗೆ ‘ದೀಪ ಆರಿಸಿ’ ಅನ್ನಬಹುದೇ?

ಗೆಳೆಯರೇ,

ಮುಂಬಯಿಯಲ್ಲಿರುವ ನಮ್ಮ ಬಸುರಿ, ಬಾಣಂತಿಯರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ರಾತ್ರಿ ಮಲಗುವ ಜಾಗದಲ್ಲಿ ಬೆಳಕು ಕಡಿಮೆ ಇರಲಿ ಅನ್ನುವುದು ಅದರ ತಿರುಳು. ಓದುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು.

ತೊಡಕಾಗಿರುವುದು ‘ದೀಪ ಆರಿಸಿ’ ಅನ್ನುವ ಮಾತು. ಮನೆಯ ದೀಪ ಆರಿತು ಅಂದರೆ ಕೇಡಿನ ಮಾತು, ಅಲ್ವಾ? ಅದಕ್ಕೇ ಹಿರಿಯರು ‘ದೀಪ ಶಾಂತ ಮಾಡು’ ಅನ್ನುತ್ತಾರೆ, ಕೆಲವು ಕಡೆ ‘ದೊಡ್ಡದು ಮಾಡು’ ಅಂತಲೂ ಉಂಟು. ಹೊಟ್ಟೆಯಲ್ಲಿ ಕೂಸಿರುವವಳ ಕೈಗೆ ‘ಆರಿಸಿ’ ಎಂದು ಅಚ್ಚು ಹಾಕಿಸಿ ಕೊಡಲು ನನಗೆ ಮನಸ್ಸಿಲ್ಲ. ‘ನಂದಿಸಿ’ಯೂ ಹಾಗೆಯೇ. ‘ಲೈಟ್ ಬಂದ್ ಮಾಡ್ರಿ’ ಎಲ್ಲರ ಬಾಯಲ್ಲೂ ಇದೆ, ಅದನ್ನೇ ಇಡೋಣ ಅನಿಸುತ್ತದೆ. ಆದರೆ ತಗಡಿನ ಶೆಡ್ಡಿನ ಸಂದಿಯಿಂದ ಒಳಗೆ ಬೀಳುವ ಸೈಟಿನ ಫೋಕಸ್ ಲೈಟನ್ನು ಅವಳು ಬಂದ್ ಮಾಡಲಾರಳು. ಅಲ್ಲಿಗೆ ‘ಮರೆ ಕಟ್ಟಿ’ ಎಂದು ಬರೆದಿದ್ದೇನೆ.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ ಮೆಲಟೋನಿನ್ ಹುಟ್ಟುತ್ತದೆ, ಇರುಳಾಯಿತು, ಮಲಗುವ ಹೊತ್ತು ಎಂದು ಮೈಗೆ ತಿಳಿಸುವ ಹಾರ್ಮೋನು ಅದು. ಕಣ್ಣಿಗೆ ಬೆಳಕು ಬಿದ್ದರೆ ತಗ್ಗುತ್ತದೆ, ಎಲ್‌ಇಡಿಯ ನೀಲಿ ಬೆಳಕಾದರೆ ಇನ್ನೂ ಜಾಸ್ತಿ. ಹೊಟ್ಟೆಯೊಳಗಿನ ಕೂಸಿನ ಗ್ರಂಥಿ ಇನ್ನೂ ಅದನ್ನು ಮಾಡುವುದಿಲ್ಲ. ತಾಯಿಯದೇ ಮಾಸಿನ ಮೂಲಕ ದಾಟಿ ಬರುತ್ತದೆ, ಹಗಲು ಇರುಳಿನ ಸುಳಿವು ಕೂಸಿಗೆ ಸಿಗುವುದು ಹಾಗೆ. ಹುಟ್ಟಿದ ಮೇಲೂ ಅದರದೇ ಲಯ ಕೂಡಿಬರಲು 2–3 ತಿಂಗಳು ಬೇಕು. ಅಲ್ಲಿಯವರೆಗೆ ಆಸರೆ ರಾತ್ರಿಯ ಎದೆಹಾಲು. ಅದರಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಡುರಾತ್ರಿ ಹಾಲು ಕುಡಿಸುವಾಗ ಒಂದಿಷ್ಟು ಬೆಳಕು ಬೇಕೇ ಬೇಕು. ‘ಮಂದ ಬೆಳಕು’ ಪುಸ್ತಕದ ಮಾತಾಯಿತು. ‘ಜೀರೋ ಬಲ್ಬ್’ ಎಲ್ಲರಿಗೂ ಗೊತ್ತು, ಆದರೆ ಅಂಗಡಿಯಲ್ಲಿ ನೀಲಿಯದೂ ಸಿಗುತ್ತದೆ! ಹಾಗಾಗಿ ‘ಕೆಂಪು ಇಲ್ಲವೇ ಹಳದಿ ಜೀರೋ ಬಲ್ಬ್’ ಎಂದೇ ಬಿಡಿಸಿ ಬರೆಯಬೇಕು. ‘ಮೊಬೈಲ್ ಟಾರ್ಚ್ ಬೇಡ’ ಅಂತಲೂ ಸೇರಿಸಿದ್ದೇನೆ.

ಕಲಬುರಗಿ ಕಡೆಯವರು ಯಾರಾದರೂ ಹೇಳಿ: ಬಾಣಂತಿ ಕೋಣೆಯ ಆ ಮಬ್ಬು ಬೆಳಕಿಗೆ ನಿಮ್ಮಲ್ಲಿ ಬೇರೆ ಮಾತಿದೆಯೇ? ‘ಮರೆ ಕಟ್ರಿ’ ಅಂದರೆ ಸಂದಿಗೆ ಬಟ್ಟೆ ಕಟ್ಟುವುದು ಎಂದು ತಿಳಿಯುತ್ತದೆಯೇ, ಅಥವಾ ಸುಮ್ನೆ ‘ಸೀರಿ ಕಟ್ರಿ’ ಅಂದರೇ ಸಾಕೇ?