ಸಹಾಯ ಬೇಕು: ರೈಫಲ್ ಹ್ಯಾಂಡ್‌ಗಾರ್ಡ್ ರೈಲಿನ ಗಟ್ಟಿತನವನ್ನು ಅಳೆಯುವುದು ಹೇಗೆ?

ಮಾನ್ಯ ಸದಸ್ಯರೇ, ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ನನ್ನ ಎಆರ್-15 ರೈಫಲ್‌ಗೆ ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡ್ (ನಳಿಗೆಯನ್ನು ಸುತ್ತುವರಿದ, ಕೈಯಿಂದ ಹಿಡಿಯುವ ಕವಚ; ಇದನ್ನೇ ರೈಲು ಎಂದೂ ಕರೆಯುತ್ತಾರೆ) ಒಂದನ್ನು ಆರಿಸಬೇಕಾಗಿದ್ದು, ಅದು ತರಬೇತಿಯ ಒರಟು ಬಳಕೆಯನ್ನು ತಾಳುತ್ತದೆಯೇ ಎಂದು ಕೊಳ್ಳುವ ಮೊದಲೇ ತೀರ್ಮಾನಿಸುವ ಬಗೆಯನ್ನು ಬಲ್ಲವರಿಂದ ತಿಳಿಯಬಯಸುತ್ತೇನೆ.

ಇಂಥ ರೈಲು ನಳಿಗೆಯನ್ನು ಮುಟ್ಟದೆ ಹಿಂದೆ ನಳಿಗೆಯನ್ನು ರೈಫಲ್‌ಗೆ ಬಿಗಿಯುವ ಬ್ಯಾರೆಲ್ ನಟ್‌ನ ಆಧಾರದಲ್ಲೇ ನಿಂತಿರುವುದರಿಂದ, ಅದು ಮುರಿಯುವುದಕ್ಕಿಂತ ಬಾಗುವುದೇ ನನಗೆ ಹೆಚ್ಚಿನ ಚಿಂತೆ. ಮುಂತುದಿಯಲ್ಲಿ ಲೇಸರ್ ಕೂರಿಸಿದಾಗ ರೈಲು ಕೂದಲೆಳೆಯಷ್ಟು ಸರಿದರೂ ದೂರದ ಗುರಿ ತಪ್ಪುತ್ತದೆ. 6061 ಅಲ್ಯೂಮಿನಿಯಂಗಿಂತ 7075 ಬಲವಾದದ್ದು ನಿಜ. ಆದರೆ ಅದೇ ಆಕಾರದಲ್ಲಿ ಎರಡೂ ಒಂದೇ ಭಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಬಾಗುವುದರಿಂದ, ಮಿಶ್ರಲೋಹದ ಹೆಸರನ್ನೇ ದೊಡ್ಡದಾಗಿ ಸಾರುವ ಜಾಹೀರಾತುಗಳು ನನಗೇನೂ ಒಪ್ಪಿಗೆಯಾಗಿಲ್ಲ. ಗೋಡೆಯ ದಪ್ಪ, ಅಡ್ಡಳತೆ, ನಟ್ಟನ್ನು ಅಪ್ಪಿಕೊಳ್ಳುವ ಭಾಗದ ಉದ್ದ, ರೈಲು ತಿರುಗದಂತೆ ತಡೆಯುವ ವ್ಯವಸ್ಥೆ, ಇವೇ ಮುಖ್ಯವೆಂದು ತೋರುತ್ತದೆ.

ಅಮೆರಿಕದ ವಿಶೇಷ ಪಡೆಗಳು ಇಂಡಿಯಾನಾದ ಕ್ರೇನ್ ಎಂಬ ಊರಿನ ನೌಕಾ ಕೇಂದ್ರದ ಪರೀಕ್ಷೆಗಳ ನಂತರ ಕೀಮಾಡ್‌ಗಿಂತ ಎಂ-ಲಾಕ್ ಮೇಲೆಂದು ಆರಿಸಿದವಲ್ಲ, ಅದು ಪರಿಕರ ಜೋಡಿಸುವ ಪದ್ಧತಿಗಳ ಹೋಲಿಕೆಯೇ ಹೊರತು ರೈಲಿನ ಬುಡದ ಹಿಡಿತದ್ದಲ್ಲ.

ಖಾಲಿ ರೈಫಲ್‌ನ ರೈಲಿಗೆ ಭಾರ ನೇತುಹಾಕಿ ಬಾಗನ್ನು ಅಳೆದವರಿದ್ದರೆ, ಎಷ್ಟು ಭಾರ ಬಳಸಿದಿರಿ, ಅದನ್ನು ತೆಗೆದ ಮೇಲೆ ರೈಲು ಮೊದಲಿನ ಸ್ಥಾನಕ್ಕೇ ಮರಳಿತೇ, ಸ್ಕ್ರೂಗಳು ಸಡಿಲವಾದವೇ ಎಂಬುದನ್ನು ದಯವಿಟ್ಟು ತಿಳಿಸಿ.