ಕೇದಾರಕಂಠಕ್ಕೆ ಯಾವ ಮ್ಯಾಟ್?

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಡಿಸೆಂಬರಿನಲ್ಲಿ ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠ ಹತ್ತುತ್ತೇನೆ, ಮಲಗಲು ಗಾಳಿ ತುಂಬುವ ಮ್ಯಾಟ್ ತಗೊಳ್ಳಲಾ, ಫೋಮಿನದು ಸಾಕಾ ಅಂತ ಕೇಳಿದ್ದೀಯ. ನಿಮ್ಮಪ್ಪ ಅದರ ಕೆಳಗೆ "ದಪ್ಪ ಸ್ಲೀಪಿಂಗ್ ಬ್ಯಾಗ್ ತಗೋ, ಮ್ಯಾಟ್ ಯಾವುದಾದರೂ ಆದೀತು" ಅಂತ ಬರೆದಿದ್ದಾರೆ. ಅಣ್ಣಾ, ಬೇಜಾರು ಮಾಡ್ಕೋಬೇಡ, ಇದು ಮಾತ್ರ ತಪ್ಪು.

ಬ್ಯಾಗ್ ಬೆಚ್ಚಗಿರುವುದು ಅದು ಉಬ್ಬಿಕೊಂಡು ಒಳಗೆ ಗಾಳಿ ಹಿಡಿದಿಟ್ಟಾಗ. ಮಲಗಿದ ಕೂಡಲೇ ಬೆನ್ನ ಕೆಳಗಿನ ಭಾಗ ಅಪ್ಪಚ್ಚಿ. ಎಷ್ಟು ದುಡ್ಡು ಕೊಟ್ಟಿದ್ದರೂ ಅಷ್ಟೇ. ಆಮೇಲೆ ಹಿಮದ ನೆಲ ರಾತ್ರಿಯಿಡೀ ಮೈಯ ಬಿಸಿ ಎಳೆದುಕೊಳ್ಳುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಎರಡನೇ ಕಂಬಳಿ ಕೇಳಿದರೆ ಅಜ್ಜಿ ಏನನ್ನುತ್ತಿದ್ದರು? "ಹೊದೆಯೋಕಲ್ಲ, ಅಡಿಗೆ ಹಾಸ್ಕೋ." ಅದೇ ಲೆಕ್ಕ.

ಅಂಗಡಿಯಲ್ಲಿ ಎಷ್ಟು ಇಂಚು ದಪ್ಪ ಅಂತ ನೋಡಬೇಡ. ಬರೀ ಗಾಳಿಯ ಮ್ಯಾಟ್ ಮೂರು ಇಂಚಿದ್ದರೂ ಒಳಗಿನ ಗಾಳಿ ಸುತ್ತಾಡಿ ಬಿಸಿಯನ್ನು ನೆಲಕ್ಕೆ ಮುಟ್ಟಿಸಿಬಿಡುತ್ತದೆ. ಆರ್-ವ್ಯಾಲ್ಯೂ ಎಷ್ಟು ಅಂತ ಕೇಳು. ಅಂದರೆ ಮ್ಯಾಟ್ ಬಿಸಿಯನ್ನು ಎಷ್ಟು ತಡೆದಿಡುತ್ತದೆ ಅನ್ನುವ ಅಂಕಿ, ಹೆಚ್ಚಿದ್ದಷ್ಟೂ ಬೆಚ್ಚಗೆ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2020ರ ಸುಮಾರಿಗೆ ದೊಡ್ಡ ಕಂಪನಿಗಳು ಎಎಸ್‌ಟಿಎಂ ಅನ್ನುವ ಮಾನದಂಡ ಸಂಸ್ಥೆಯ ಒಂದೇ ಪರೀಕ್ಷೆಗೆ ಬಂದವು, ಹಾಗಾಗಿ ಈಗ ಹೋಲಿಸಿ ನೋಡಬಹುದು. ಮಡಚುವ ಒಳ್ಳೆ ಫೋಮ್ ಮ್ಯಾಟಿಗೆ ಸುಮಾರು 2 ಇರುತ್ತದೆ. ಹಿಮದ ಮೇಲೆ 4-5 ಆದರೂ ಬೇಕು. ಖುಷಿಯ ವಿಷಯ ಏನೆಂದರೆ, ಒಂದರ ಮೇಲೊಂದು ಹಾಸಿದರೆ ಎರಡೂ ಕೂಡಿಕೊಳ್ಳುತ್ತವೆ. 2ರ ಫೋಮ್, ಮೇಲೆ 3ರ ಗಾಳಿ ಮ್ಯಾಟ್, ಸೇರಿ 5.

ಹಾಗೆಂದು ಗಾಳಿಯದನ್ನೇ ನಂಬಿ ಹೋಗಬೇಡ. ನಾನು ಒಮ್ಮೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಸೊಂಟ ನೆಲಕ್ಕೆ ತಾಗಿ ಎಚ್ಚರ. ಮೊದಲು ಚಳಿಗೆ ಗಾಳಿ ಕುಗ್ಗಿದೆ ಅಂದುಕೊಂಡು ಇನ್ನೆರಡು ಉಸಿರು ಊದಿದೆ. ಹಾಗೂ ಆಗುತ್ತದೆ, ಸಂಜೆ ಗಟ್ಟಿಯಿದ್ದದ್ದು ರಾತ್ರಿ ಮೆತ್ತಗಾದರೆ ತೂತೇ ಅಂತಲ್ಲ. ಅರ್ಧ ಗಂಟೆಗೆ ಮತ್ತೆ ಚಪ್ಪಟೆ! ಕೊನೆಗೆ ಖಾಲಿ ರಕ್‌ಸ್ಯಾಕ್, ರೇನ್‌ಕೋಟ್, ಒದ್ದೆ ಅಲ್ಲದ ಬಟ್ಟೆ ಎಲ್ಲಾ ಅಡಿಗೆ ಹಾಕಿಕೊಂಡು ಬೆಳಗು ಕಾದೆ. ಮನೆಗೆ ಬಂದು ಸೋಪಿನ ನೀರು ಸವರಿದರೆ ಸೂಜಿಮೊನೆಯಷ್ಟು ತೂತು, ಅಲ್ಲೇ ಗುಳ್ಳೆ. ಪ್ಯಾಚ್ ಐದು ನಿಮಿಷದ ಕೆಲಸ, ಆದರೆ ಪ್ಯಾಚ್ ಇದ್ದದ್ದು ಮನೆಯಲ್ಲಿ. ನೀನು ಚೀಲದಲ್ಲಿಟ್ಟುಕೋ. ಫೋಮಿಗೆ ಈ ರಗಳೆಯೇ ಇಲ್ಲ, ಚುಚ್ಚಿದರೂ ಫೋಮ್ ಫೋಮೇ.

ಮೊದಲು ಕರೆದುಕೊಂಡು ಹೋಗುವವರಿಗೆ ಫೋನ್ ಮಾಡು. ಟೆಂಟಿನಲ್ಲಿ ಮ್ಯಾಟ್ ಕೊಡುತ್ತಾರಾ, ತಲೆಗೆ ಒಂದಾ ಎರಡಾ ಅಂತ ಕೇಳು. ಎರಡು ಕೊಟ್ಟರೆ ಸುಮ್ನೆ ಏನೂ ಕೊಳ್ಳಬೇಡ. ಒಂದೇ ಅಂದರೆ ನನ್ನ ನೀಲಿ ಫೋಮ್ ಅಟ್ಟದ ಮೇಲಿದೆ. ಅಣ್ಣಾ, ಭಾನುವಾರ ಊಟಕ್ಕೆ ಬರುತ್ತೀಯಲ್ಲ, ಹೋಗುವಾಗ ತಗೊಂಡು ಹೋಗು. ಧೂಳು ನೀನೇ ಕೊಡವಿಕೋ.