ಕಾಫಿ ತೋಟದಲ್ಲಿ ಬೋರರ್ (ಕಾಂಡ ಕೊರೆಯೋ ಹುಳ) ಹೊಡೆದ ಜಾಗಕ್ಕೆ ಮತ್ತೆ 795 ತಳಿ ಹಾಕೋದಾ, ಚಂದ್ರಗಿರಿನಾ? ಅನುಭವ ಇದ್ದವರು ಹೇಳಿ

ಕೇಳಿದವರು: ಮಲ್ಲಂದೂರು ಕಡೆಯವ

ನಮ್ಮದು ನಾಲ್ಕು ಎಕರೆ ಅರೇಬಿಕಾ ಕಾಫಿ, 3,300 ಅಡಿ ಎತ್ತರ. ಎಲ್ಲಾ ಅಜ್ಜ ಹಾಕಿದ 795. ಈ ಮಾರ್ಚ್‌ನಲ್ಲಿ ಬೋರರ್ ಹುಡುಕಿಸಿದಾಗ 640 ಗಿಡ ಕಿತ್ತು ಸುಡಬೇಕಾಯಿತು. ಅಪ್ಪ ಮತ್ತೆ 795 ಅಂತಾರೆ, ಅಣ್ಣ ಚಂದ್ರಗಿರಿ ಅಂತಾನೆ. ನಮ್ಮ ತೋಟದ ಬೀಜವನ್ನೇ ಇಟ್ಟುಕೊಂಡರೆ ಆಗುತ್ತಾ? ಯಾವ ಊರಿನವರು ಅಂತ ಮೇಲೆ ಬರೆದು ದಯವಿಟ್ಟು ತಿಳಿಸಿ.

ಆಲ್ದೂರು

ಚಂದ್ರಗಿರಿ ಹೆಸರು ಕೇಳಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. 2016ರ ಜೂನ್‌ನಲ್ಲಿ 2,200 ಗಿಡ ತಂದೆ. ಒಂದಕ್ಕೆ 11 ರೂಪಾಯಿ, ಒಟ್ಟು 24,200. ಪಿಕಪ್ ಎರಡು ಟ್ರಿಪ್, 3,600. ಗುಂಡಿ ತೆಗೆಯೋಕೆ 9 ರೂಪಾಯಿ ಗುತ್ತಿಗೆ, 19,800. ಗೊಬ್ಬರ, ನೆರಳು ಕಟ್ಟಿದ ಸೊಪ್ಪು, ಕಳೆ ತೆಗೆದ ಕೂಲಿ ಇದರಲ್ಲಿ ಸೇರಿಲ್ಲ.

ಮೂರನೇ ವರ್ಷ ನೋಡಿದರೆ ಸಾಲಿನ ಮಧ್ಯೆ ಒಂದೊಂದು ಗಿಡ ತಲೆ ಎತ್ತಿ ನಿಂತಿದೆ. ಚಂದ್ರಗಿರಿ ಕುಳ್ಳ, ಪೊದೆ ಪೊದೆ, ಎಲೆ ದಪ್ಪ, ಕಡು ಹಸಿರು. ಇವು ಉದ್ದುದ್ದ, ಗಂಟು ದೂರ ದೂರ, ಎಲೆ ತೆಳ್ಳಗೆ. ಒಂದು ಎಲೆ ಮಗುಚಿದೆ. ಕೆಳಗೆಲ್ಲಾ ಕಿತ್ತಳೆ ಪುಡಿ, ಹೆಬ್ಬೆರಳಿಗೆ ಅಂಟಿಕೊಂಡು ಬಂತು. ರಸ್ಟ್, ಎಲೆಗೆ ಬರೋ ತುಕ್ಕು ರೋಗ. ಸುಣ್ಣದ ಗುರುತು ಹಾಕುತ್ತಾ ಇಡೀ ತೋಟ ಎಣಿಸಿದೆ: 387. ನರ್ಸರಿಯವನನ್ನು ಹಿಡಿದು ಕೇಳಿದರೆ, ಬೀಜ ತಂದ ತೋಟದಲ್ಲಿ ಪಕ್ಕದ ಸಾಲೆಲ್ಲಾ ಬೇರೆ ತಳಿ ಇತ್ತಂತೆ.

ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ಅದಕ್ಕೇ 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅಂತ ನಾವೆಲ್ಲಾ ನಂಬಿರೋದು. ಆದರೆ ನೂರಕ್ಕೆ ನೂರು ಹಾಗಾಗಲ್ಲ. ಜೇನು, ಗಾಳಿ ಪಕ್ಕದ ಸಾಲಿನ ಪರಾಗ ತಂದೇ ತರುತ್ತೆ. ಕೀಳಿಸಿದ್ದು ಗಿಡಕ್ಕೆ 25, ಹೊಸ ಗಿಡ 14, ಮತ್ತೆ 15,093 ಹೋಯಿತು. ಅಷ್ಟು ಜಾಗದ ಮೂರು ವರ್ಷ ನೀರಲ್ಲಿ ಹೋಮ. ಬೀಜದ ಮೂಲ ಕೇಳದೆ ಒಂದು ಗಿಡವನ್ನೂ ಇಳಿಸಿಕೊಳ್ಳಬೇಡಿ.

ಮೂಡಿಗೆರೆ

ಕಂಡ ಕಂಡ ಕಡೆ ಗಿಡ ತಂದು ತಳಿಗೆ ಬೈಯಬೇಡಿ ಸ್ವಾಮಿ. ನಾನು 2011ರಲ್ಲಿ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಬೀಜ ತಂದು, ನಾನೇ ಸಸಿ ಮಡಿ ಮಾಡಿ, ನಾನೇ ಪ್ಯಾಕೆಟ್ ತುಂಬಿಸಿ ಹಾಕಿದ್ದು. ಮೂರು ಎಕರೆ. ಬೇರೆ ಥರದ ಗಿಡ ಬಂದಿದ್ದು ಬೆರಳೆಣಿಕೆಯಷ್ಟು.

ಚಂದ್ರಗಿರಿ ರಕ್ತ ಎಲ್ಲಿಂದ ಬಂತು ಗೊತ್ತಾ? ಟಿಮೋರ್ ದ್ವೀಪದಲ್ಲಿ, 1920ರ ದಶಕದಲ್ಲಿ, ಅರೇಬಿಕಾ ತೋಟದಲ್ಲಿ ಒಂದು ಗಿಡಕ್ಕೆ ಮಾತ್ರ ರಸ್ಟ್ ಇರಲಿಲ್ಲ. ಅರೇಬಿಕಾ, ಇನ್ನೊಂದು ಜಾತಿ ಕಾಫಿಯಾದ ರೊಬಸ್ಟಾ ತಾವಾಗೇ ಕೂಡಿ ಹುಟ್ಟಿದ ಗಿಡ ಅದು. ರೊಬಸ್ಟಾಗೆ 22 ಕ್ರೋಮೋಸೋಮ್, ಅರೇಬಿಕಾಗೆ 44. ಸಾಮಾನ್ಯವಾಗಿ ಕೂಡಲ್ಲ, ಕೂಡಿದರೂ ಮರಿ ಬಂಜೆ. ಆದರೆ ಆ ಗಿಡಕ್ಕೆ 44 ಇತ್ತು. ಹಾಗಾಗಿ ಅರೇಬಿಕಾ ಜೊತೆ ಮತ್ತೆ ಕೂಡಿತು, ರೊಬಸ್ಟಾದ ರೋಗ ತಡೆಯೋ ಜೀನ್ ಈ ಕಡೆ ದಾಟಿತು. ವಿಲ್ಲಾ ಸಾರ್ಚಿ ಅನ್ನೋ ಕುಳ್ಳ ತಳಿಗೆ ಅದನ್ನು ಕೂಡಿಸಿದ್ದೇ ಚಂದ್ರಗಿರಿ. 2007ರಲ್ಲಿ ನಮ್ಮ ಕೈಗೆ ಬಂತು. ರಸ್ಟ್‌ಗೆ ಹೊಡೆಯೋ ಮೈಲುತುತ್ತದ ಖರ್ಚು ನನಗೆ ಅರ್ಧಕ್ಕೆ ಇಳಿದಿದೆ. ಕಣ್ಣು ಮುಚ್ಚಿ ಹಾಕಿ.

ಗಿರಿ ತಪ್ಪಲಿನ ಗೃಹಿಣಿ

ಕಣ್ಣು ಮುಚ್ಚಿ ಹಾಕಿ ಅನ್ನೋ ಮಾತು ನಮ್ಮ ಮನೆಯಲ್ಲಿ ಒಂದು ಸಲ ಕೇಳಿ ಆಗಿದೆ ಅಣ್ಣ. ನಮ್ಮ ಮಾವ 1988ರಲ್ಲಿ 1,800 ಕಾವೇರಿ ಗಿಡ ಹಾಕಿದರು. ಅದೂ ಇದೇ ಟಿಮೋರ್ ಗಿಡದ ಪೀಳಿಗೆ, ಕಟೂರಾ ಅನ್ನೋ ತಳಿ ಜೊತೆ ಕೂಡಿಸಿದ್ದು. ಅದಕ್ಕೂ ರಸ್ಟ್ ಬರಲ್ಲ ಅಂದಿದ್ದರು. ಮೊದಲ ಫಸಲುಗಳಲ್ಲಿ ಗಿಡ ಬಾಗುವಷ್ಟು ಕಾಯಿ. ಆಮೇಲೆ ರಸ್ಟ್ ಬಂದೇ ಬಂತು. ಎಲೆ ಉದುರಿ, ಕೊಂಬೆ ಒಣಗಿ, ಕಾಯಿ ಕಪ್ಪಾಗಿ ನಿಂತಿದ್ದು ನಾನು ಮದುವೆಯಾಗಿ ಬಂದ ವರ್ಷ ನೋಡಿದೆ. ಮಾವ ಗಿಡ ಹಿಡಿದುಕೊಂಡು ಸುಮ್ನೆ ನಿಂತಿದ್ದರು.

ಗಿಡಕ್ಕೆ ಜೀನ್ ಇರೋ ಹಾಗೆ ಆ ಬೂಷ್ಟಿಗೂ ಇದೆ. ಅದೂ ಬದಲಾಗುತ್ತೆ, ಹೊಸ ಹೊಸ ಬಗೆ ಹುಟ್ಟುತ್ತೆ. ನಮ್ಮ 795ಕ್ಕೂ ಹಾಗೇ ಆಯಿತು. ಅದರ ತಾಯಿ ಕಡೆ, 288 ಅನ್ನೋ ತಳಿಯಲ್ಲಿ, ಲೈಬೀರಿಕಾ ಅನ್ನೋ ಬೇರೆ ಜಾತಿ ಕಾಫಿಯ ರಕ್ತ ಇದೆ, ತಂದೆ ಕೆಂಟ್ಸ್ ತಳಿ. 1940ರ ದಶಕದಲ್ಲಿ ಬಂದಾಗ ರಸ್ಟ್ ತಡೆಯುತ್ತಿತ್ತು, ಈಗ ಮೈಲುತುತ್ತ, ಸುಣ್ಣದ ಬೋರ್ಡೋ ಹೊಡೆಯದೆ ಆಗಲ್ಲ. ಸುಳ್ಳು ಹೇಳಲ್ಲ. ಆದರೂ ಎಂಬತ್ತು ವರ್ಷ ಈ ಗುಡ್ಡಕ್ಕೆ ಒಗ್ಗಿ ನಿಂತ ಗಿಡ ಅದು. ಕಾಫಿ ಕುಡಿದು ನೋಡಿ, ಆಮೇಲೆ ಮಾತಾಡಿ.

ಬೋರರ್ ಬಂದಿದ್ದು ತಳಿಯಿಂದ ಅಲ್ಲ, ನೆರಳು ಬಿಚ್ಚಿದ್ದರಿಂದ. ಬಿಸಿಲು ಬಿದ್ದ ಕಾಂಡದ ಸೀಳಲ್ಲೇ ಆ ದುಂಬಿ ಮೊಟ್ಟೆ ಇಡೋದು. ನಾವು ಏಪ್ರಿಲ್‌ಗೆ ಮುಂಚೆ ಒಂದು ಸಲ, ಅಕ್ಟೋಬರ್‌ಗೆ ಮುಂಚೆ ಒಂದು ಸಲ ಸೀಳು ಉಳಿಯದ ಹಾಗೆ ಕಾಂಡ ಉಜ್ಜಿಸುತ್ತೇವೆ. ಹೋದ ವರ್ಷ ಹೋಗಿದ್ದು 31 ಗಿಡ.

ಹೆತ್ತೂರು

ಅರೇಬಿಕಾ ಸಹವಾಸವೇ ಬೇಡ ಮಾರಾಯ್ರೆ. 2018ರಲ್ಲಿ ಎರಡೂವರೆ ಎಕರೆ ಪೂರ್ತಿ ಕಿತ್ತು ರೊಬಸ್ಟಾ ಮಾಡಿದೆ. ಸಿ ಇಂಟು ಆರ್ (ಕಂಜೆನ್ಸಿಸ್, ರೊಬಸ್ಟಾ ಕೂಡಿಸಿದ ತಳಿ) ಕಸಿ ಗಿಡ, 1,050, ಒಂದಕ್ಕೆ 45 ರೂಪಾಯಿ. ಕೆರೆ, ಮೋಟರ್, ಪೈಪು, ನೀರು ಹಾರಿಸೋ ಜೆಟ್ ಸೇರಿ ಸಾಲ 3,80,000. ಹೆಂಡತಿ ಬಳೆ ಬ್ಯಾಂಕಿನಲ್ಲಿತ್ತು. ಕಾಂಡಕ್ಕೆ ಬಿಳಿ ಬೋರರ್ ಮುಟ್ಟಿಲ್ಲ. 2024ರಲ್ಲಿ ರೇಟ್ ಏರಿದಾಗ ಬಳೆ ಮನೆಗೆ ಬಂತು.

ಮೇಲೆ ಯಾರೋ ಹೇಳಿದ 'ತಾಯಿಯಂತೆ ಮಗಳು' ರೊಬಸ್ಟಾದಲ್ಲಿ ನಡೆಯಲ್ಲ. ತನ್ನ ಪರಾಗ ತನಗೇ ಆಗಲ್ಲ, ಪಕ್ಕದ ಗಿಡದ್ದೇ ಬೇಕು. ಒಂದೇ ಗಿಡದ ಬೀಜ ಹಾಕಿದರೂ ಒಂದು ಬುಟ್ಟಿಗಟ್ಟಲೆ ಬಿಡುತ್ತೆ, ಇನ್ನೊಂದು ಬರೀ ಎಲೆ. ಅದಕ್ಕೇ ದುಡ್ಡು ಜಾಸ್ತಿಯಾದರೂ ಕಸಿ ಗಿಡ.

ಗಿರಿ ತಪ್ಪಲಿನ ಗೃಹಿಣಿ

ಕೇಳಿದವರು 3,300 ಅಡಿ ಅಂತ ಬರೆದಿದ್ದಾರೆ, ರೊಬಸ್ಟಾಗೆ ಅದು ಎತ್ತರವಾಯ್ತು, ಓದಿದ್ರಾ? ನಿಮ್ಮ ಕೆರೆ ಅವರ ತೋಟದಲ್ಲಿ ಇದೆಯಾ? ಫೆಬ್ರವರಿಯಲ್ಲಿ ಹೂವಿಗೆ ನೀರು, ಹೂ ಬಿಟ್ಟ ಮೇಲೆ ಮತ್ತೆ ಬ್ಯಾಕಿಂಗ್ ನೀರು, ಅವರು ಎಲ್ಲಿಂದ ತರಬೇಕು?

ಹೆತ್ತೂರು

ನಾನು ನನ್ನ ಅನುಭವ ಹೇಳಿದೆ ಅಷ್ಟೇ. ನೆರಳು ನೆರಳು ಅಂತೀರಲ್ಲ, ನಿಮ್ಮ ಕಡೆ ಅತ್ತಿ, ಬಸರಿ ಮರ ಎಲ್ಲಾ ಕಡಿದು ಸಿಲ್ವರ್ ಓಕ್ ಮರ ನಿಲ್ಲಿಸಿದವರು ಯಾರು?

ಮೂಡಿಗೆರೆ

ಸಿಲ್ವರ್ ಸುದ್ದಿಗೆ ಬರಬೇಡಿ. ಮೆಣಸು ಹಬ್ಬೋಕೆ ಅದಕ್ಕಿಂತ ನೆಟ್ಟಗಿರೋ ಮರ ಯಾವುದಿದೆ? ನಮ್ಮ ಮಗಳ ಕಾಲೇಜು ಫೀಸು ಆ ಮೆಣಸಿನದ್ದೇ.

ಆಲ್ದೂರು

ಮೆಣಸು ಸರಿ. ಆದರೆ ಎಲೆ ಉದುರಿ ಮಣ್ಣಾಗೋದು ಅತ್ತಿಯದ್ದು. ಸಿಲ್ವರ್ ಎಲೆ ವರ್ಷವಾದರೂ ಹಾಗೇ ಬಿದ್ದಿರುತ್ತೆ. ನಮ್ಮ ತಂದೆ 60 ಮರ ಮಾರಿದ ವರ್ಷದಿಂದಲೇ ನಮಗೆ ಬೋರರ್ ಶುರು. ಆ ದುಡ್ಡು ಎರಡು ವರ್ಷದಲ್ಲಿ ಖಾಲಿ.

ಮಲ್ಲಂದೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದೇ ಬೀಜ ಇಟ್ಟುಕೊಳ್ಳಬಹುದಾ ಅನ್ನೋದಕ್ಕೆ ಯಾರೂ ಹೇಳಲಿಲ್ಲ.

ಗಿರಿ ತಪ್ಪಲಿನ ಗೃಹಿಣಿ

ಈ ಮಳೆಗಾಲಕ್ಕೆ ಆಗಲ್ಲ ತಮ್ಮ. ಕಾಫಿ ಬೀಜ ಹಳೆಯದಾದರೆ ಮೊಳೆಯಲ್ಲ. ಈಗಲೇ ಅಪ್ಪನ ಜೊತೆ ತೋಟ ಸುತ್ತಿ, ವರ್ಷ ಬಿಡದೆ ಕಾಯಿ ಕಟ್ಟೋ, ರಸ್ಟ್ ಕಡಿಮೆ ಇರೋ ಗಿಡ ಆರಿಸಿ ಬಣ್ಣ ಹಚ್ಚಿ. ಬೇಲಿ ಬದಿಯ ಗಿಡ ಬೇಡ, ಪಕ್ಕದ ತೋಟದ ತಳಿ ಬೆರೆತಿರುತ್ತೆ. ತೋಟದ ನಡುವಿನದ್ದೇ ಆಗಲಿ. ಪೂರ್ತಿ ಕೆಂಪಾದ ಹಣ್ಣು ಮಾತ್ರ ಬಿಡಿಸಿ. ನೀರಿಗೆ ಹಾಕಿ, ತೇಲಿದ್ದು ತೆಗೆಯಿರಿ. ಸಿಪ್ಪೆ ಬಿಡಿಸಿ, ಜರಡಿ ಹಿಡಿದ ಒಲೆ ಬೂದಿ ಕಲಸಿ ನೆರಳಲ್ಲಿ ಹರಡಿ. ಬಿಸಿಲಿಗೆ ಇಟ್ಟರೆ ಹೋಯಿತು. ಡಿಸೆಂಬರ್, ಜನವರಿಯಲ್ಲಿ ಮಡಿಗೆ ಹಾಕಿ. ನಮ್ಮ ಮಾವ ಗುರುತು ಹಾಕಿದ 14 ಗಿಡದ ಬೀಜವೇ ನಮಗೆ ಈಗಲೂ.

ಮೂಡಿಗೆರೆ

14 ಗಿಡದ ಬೀಜ ಅಂದರೆ ರಸ್ಟ್ ತಗಲೋ ಗುಣವೂ ಅವರ ಮನೆಯಲ್ಲೇ ಉಳಿಯುತ್ತೆ. ಒಂದು ಎಕರೆಗಾದರೂ ಚಂದ್ರಗಿರಿ ಹಾಕಿ ನೋಡು ತಮ್ಮ. ಬೀಜದ ಅರ್ಜಿ ಮುಂಚೆಯೇ ಕೊಡಬೇಕು, ತಡ ಮಾಡಬೇಡ.

ಮಲ್ಲಂದೂರು ಕಡೆಯವ

ಅಪ್ಪನಿಗೆ ಓದಿ ಹೇಳಿದೆ. ಆಗಲೇ ಹಳ್ಳದ ಪಕ್ಕದ ಮೂರು ಗಿಡ ತೋರಿಸಿದರು. ಬಣ್ಣ ತರೋಕೆ ಪೇಟೆಗೆ ಹೊರಟಿದ್ದೇನೆ. ಅಣ್ಣ ಬೆಳಿಗ್ಗೆಯಿಂದ ಮಾತಾಡಿಲ್ಲ.